ಏನೂ ಇಲ್ಲದ ಕಾರು

ತಕ್ಕಡಿಯಪ್ಪನವರಿಗೆ ನಿಜವಾದ ಹೆಸರೊಂದು ಬೇರೆ ಇತ್ತು. ಆದರೆ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿಯಿಂದ ಅಂಗಡಿಗೆ ಹೋಗಿ, ತಕ್ಕಡಿಗಳನ್ನು ಪರೀಕ್ಷಿಸಿ, ತೂಕದ ಬಟ್ಟುಗಳಿಗೆ ಮುದ್ರೆ ಒತ್ತುತ್ತ ಬಂದದ್ದರಿಂದ ಆ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವರು ತಕ್ಕಡಿಯಪ್ಪ. ಅದಕ್ಕೆ ಅವರು ಬೇಜಾರು ಮಾಡಿಕೊಂಡವರಲ್ಲ. ಬೇಜಾರು ಮಾಡಿಕೊಳ್ಳುವ ವಿಷಯಗಳು ಬೇರೆ ಇದ್ದವು. ಅವುಗಳಲ್ಲಿ ಮುಖ್ಯವಾದದ್ದು ಬೇರೆಯವರ ಏಳಿಗೆ.

ಅವರ ಕಾರಿಗೆ ಹದಿನೇಳು ವರ್ಷ. ನಾಲ್ಕು ಚಕ್ರ, ಒಂದು ಸ್ಟೇರಿಂಗು, ಒಬ್ಬರ ಮೇಲೊಬ್ಬರಿಗೆ ವಿಶ್ವಾಸವಿದ್ದರೆ ಐದು ಜನ ಕೂರಬಹುದಾದ ಜಾಗ. ಗಾಜು ಇಳಿಸಲು ಹಿಡಿ ತಿರುಗಿಸಬೇಕು. ನಾಲ್ಕು ಬಾಗಿಲಿಗೂ ಸುತ್ತು ಬಂದು ಬೀಗ ಹಾಕಬೇಕು. ಎಸಿ ಇಲ್ಲ. ರೇಡಿಯೋ ಇರಬೇಕಾದ ಕಡೆ ಒಂದು ಚೌಕ ತೂತಿತ್ತು. ಅದರಲ್ಲಿ ಒರೆಸುವ ಬಟ್ಟೆ ಮತ್ತು ಬಾಚಣಿಗೆ ಇಟ್ಟಿದ್ದರು. ಇದೇ ಕಾರಿನಲ್ಲಿ ಎಲ್ಲ ಸೌಕರ್ಯವೂ ಇರುವಂಥದ್ದಕ್ಕೆ ಹಿಂಭಾಗದಲ್ಲಿ ಹೆಸರಿನ ಪಕ್ಕ ಮೂರು ಅಕ್ಷರ ಹೊಳೆಯುತ್ತಿದ್ದವು. ಸ್ವಲ್ಪ ಸೌಕರ್ಯ ಇರುವುದಕ್ಕೆ ಎರಡು. ತಕ್ಕಡಿಯಪ್ಪನವರ ಕಾರಿನ ಹೆಸರಿನ ಪಕ್ಕ ಬರೀ ಬಣ್ಣ. ಕೈಗೆಟುಕಿದ್ದು ಅದೊಂದೇ ಆದ್ದರಿಂದ ಅದನ್ನು ತಂದಿದ್ದರು. ಆಮೇಲೆ ಅದರ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇರಲಿಲ್ಲ.

ಅಭಿಪ್ರಾಯ ಬಂದದ್ದು ಒಂದು ಭಾನುವಾರ, ಅವರ ಷಡ್ಡಕರು ಹೊಸ ಕಾರಿನಲ್ಲಿ ಮನೆಗೆ ಬಂದಾಗ. ಷಡ್ಡಕರೆಂದರೆ ಹೆಂಡತಿಯ ತಂಗಿಯ ಗಂಡ. ಹಾಸಿಗೆ ಅಂಗಡಿ ಇಟ್ಟವರು. ಊರಿನ ಅರ್ಧ ಜನ ತಮ್ಮ ಹಾಸಿಗೆಯ ಮೇಲೆಯೇ ಮಲಗುತ್ತಾರೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಕಾರು ಸದ್ದೇ ಇಲ್ಲದೆ ಬಂದು ನಿಂತಿತು. ಸದ್ದಿಲ್ಲದಿದ್ದರೂ ಬೀದಿಯವರೆಲ್ಲ ಹೊರಗೆ ಬಂದರು. ಷಡ್ಡಕರು ಇಳಿದು ನಾಲ್ಕು ಹೆಜ್ಜೆ ದೂರ ಹೋದರು. ಕಾರು ತಾನೇ ಬೀಗ ಹಾಕಿಕೊಂಡು ಪಕ್ಕದ ಕನ್ನಡಿಗಳನ್ನು ಮಡಚಿಕೊಂಡಿತು. ಹತ್ತಿರ ಬಂದರು, ಕನ್ನಡಿ ಬಿಚ್ಚಿಕೊಂಡಿತು. ಹೀಗೆ ಆರು ಸಲ ಹೋಗಿ ಬಂದು ಮಾಡಿದರು. ಆಮೇಲೆ ಹಿಂದೆ ಹೋಗಿ, ಕಾಲಿಗೆ ಬಂದ ನಾಯಿಯನ್ನು ಓಡಿಸುವವರ ಹಾಗೆ ಒಂದು ಕಾಲು ಝಾಡಿಸಿದರು. ಡಿಕ್ಕಿಯ ಬಾಗಿಲು ಮೆಲ್ಲಗೆ ಮೇಲೆದ್ದಿತು.

"ಎರಡೂ ಕೈಯಲ್ಲಿ ಸಾಮಾನಿದ್ರೆ ಏನು ಮಾಡ್ತೀರಿ ಹೇಳಿ," ಎಂದರು ಷಡ್ಡಕರು, ಖಾಲಿ ಕೈಗಳೆರಡನ್ನೂ ತೋರಿಸುತ್ತ.

"ಕೆಳಗಿಡ್ತೀವಿ," ಎಂದರು ಪಕ್ಕದ ಮನೆಯ ಔಷಧಿ ಅಂಗಡಿಯವರು. ಅದು ಯಾರಿಗೂ ಕೇಳಿಸಲಿಲ್ಲ.

ಷಡ್ಡಕರು ತಕ್ಕಡಿಯಪ್ಪನವರ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಆಕೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ಸುದ್ದಿ ಒಳ್ಳೆಯದಾಗಲಿ ಕೆಟ್ಟದಾಗಲಿ, ರಿಪೋರ್ಟು ಓದುವ ಒಂದೇ ದನಿಯಲ್ಲಿ ಹೇಳುವುದು ಅವರ ರೂಢಿ.

"ಬೆನ್ನಿಗೆ ತಂಪು ಗಾಳಿ ಬರ್ತಿದೆ," ಎಂದರು ಆಕೆ. "ಸೊಂಟ ಬೇರೆ ಒತ್ತುತ್ತೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನನ್ನ ಸೊಂಟವನ್ನ ಯಾರಾದರೂ ವಿಚಾರಿಸಿಕೊಂಡಿದ್ದು ಇದೇ ಮೊದಲು."

ಬೀದಿಯವರೆಲ್ಲ ನಕ್ಕರು. ತಕ್ಕಡಿಯಪ್ಪನವರೂ ನಕ್ಕರು. ಆದರೆ ಹೊಟ್ಟೆಯೊಳಗಿಂದ ಒಂದು ಬಿಸಿ ಉಂಡೆ ಎದ್ದು ಎದೆಯವರೆಗೆ ಬಂದು ಅಲ್ಲೇ ಕೂತುಬಿಟ್ಟಿತು.

"ಭಾವ, ನೀವು ಯಾವಾಗ ಬದಲಾಯಿಸ್ತೀರಿ?" ಎಂದು ಗಂಡನ ಜೊತೆ ಬಂದಿದ್ದ ನಾದಿನಿ ಕೇಳಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ನಾನು ಬದಲಾಯಿಸೋದಿಲ್ಲ," ಎಂದರು ತಕ್ಕಡಿಯಪ್ಪನವರು. ಮುಂದೆ ಏನು ಹೇಳುತ್ತೇನೆಂದು ಅವರಿಗೇ ಗೊತ್ತಿರಲಿಲ್ಲ. ಬಾಯಿ ತಾನಾಗಿ ಹೊರಟುಬಿಟ್ಟಿತು. "ನಾನು ಬೇಕೂಂತಲೇ ಏನೂ ಇಲ್ಲದ ಕಾರು ಇಟ್ಟುಕೊಂಡಿರೋದು. ಇವೆಲ್ಲ ನನಗೂ ಸಿಗ್ತಿತ್ತು, ಬೇಡ ಅಂದೆ. ಓಡಿಸ್ತಿರೋದು ನಾನೋ ಕಾರೋ ಅಂತ ಮನುಷ್ಯನಿಗೆ ಗೊತ್ತಿರಬೇಕು. ಅದೊಂದು ತತ್ತ್ವ."

ಹೆಂಡತಿ ತಂಪು ಸೀಟಿನಿಂದಲೇ ಗಂಡನನ್ನು ಒಮ್ಮೆ ನೋಡಿ, ಸೊಂಟ ಒತ್ತುವ ಗುಂಡಿಯನ್ನು ಇನ್ನೊಂದು ಸಲ ಅದುಮಿದರು. ಔಷಧಿ ಅಂಗಡಿಯವರು ಮಾತ್ರ "ಎಂಥ ಮಾತು," ಎಂದು ತಲೆದೂಗಿದರು. ತಲೆದೂಗಿ ಅಲ್ಲಿಗೇ ಬಿಟ್ಟಿದ್ದರೆ ಈ ಕಥೆ ಮುಗಿದುಹೋಗುತ್ತಿತ್ತು. ಆದರೆ ಅವರ ಅಂಗಡಿಗೆ ದಿನಕ್ಕೆ ಇನ್ನೂರು ಜನ ಬರುತ್ತಿದ್ದರು, ಮತ್ತು ಔಷಧಿ ಕಟ್ಟಿಕೊಡುವಾಗ ಅವರಿಗೆ ಸುಮ್ಮನಿದ್ದು ಅಭ್ಯಾಸವಿರಲಿಲ್ಲ.

ಬುಧವಾರ ಉಪನಿಯಂತ್ರಕಿ ಮೇಡಂ ತಕ್ಕಡಿಯಪ್ಪನವರನ್ನು ಕೋಣೆಗೆ ಕರೆಸಿದರು. ಅವರು ಆ ಕಚೇರಿಗೆ ದೊಡ್ಡವರು. ಇಪ್ಪತ್ತೆರಡು ವರ್ಷದಲ್ಲಿ ತಕ್ಕಡಿಯಪ್ಪನವರನ್ನು ಆ ಕೋಣೆಗೆ ಕರೆಸಿದ್ದು ಎರಡೇ ಸಲ, ಎರಡು ಸಲವೂ ಬೈಯುವುದಕ್ಕೆ.

"ಕೂತ್ಕೊಳ್ಳಿ," ಎಂದರು ಮೇಡಂ. "ನೆಗಡಿ ಮಾತ್ರೆ ತಗೊಳ್ಳೋಕೆ ಹೋಗಿದ್ದೆ. ನಿಮ್ಮ ವಿಷಯ ಕೇಳಿದೆ."

"ತಪ್ಪಾಯ್ತು ಮೇಡಂ," ಎಂದರು ತಕ್ಕಡಿಯಪ್ಪನವರು, ಯಾವ ವಿಷಯವೆಂದು ಕೇಳದೆಯೇ.

"ತಪ್ಪಾ? ನಿಮ್ಮಂಥೋರು ಎಲ್ಲಿ ಸಿಗ್ತಾರೆ ಈಗ. ನನಗೆ ಸರ್ಕಾರದ ಕಾರು ಕೊಟ್ಟಿದ್ದಾರೆ. ಗೆರೆ ದಾಟಿದರೆ ಕಿರುಚುತ್ತೆ, ದಾಟದಿದ್ದರೆ ಯಾಕೆ ನಿಧಾನ ಅಂತ ಕೇಳುತ್ತೆ. ನಮ್ಮ ಅತ್ತೆ ಕೂಡ ನನ್ನನ್ನ ಇಷ್ಟು ತಿದ್ದಿರಲಿಲ್ಲ. ಇವತ್ತು ಪೆಟ್ರೋಲ್ ಬಂಕಿನ ತಪಾಸಣೆಗೆ ನಿಮ್ಮ ಕಾರಿನಲ್ಲೇ ಹೋಗೋಣ."

ಹೋದರು. ಮೇಡಂ ಮುಂದಿನ ಸೀಟಿನಲ್ಲಿ ಕೂತು ಗಾಜಿನ ಹಿಡಿಯನ್ನು ತಿರುಗಿಸಿ ತಿರುಗಿಸಿ ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಗಾಳಿಗೆ ಅವರ ಕೂದಲು ಹಾರಿ, ಕೈಯಲ್ಲಿದ್ದ ತಪಾಸಣೆ ಪಟ್ಟಿಯ ಎರಡು ಹಾಳೆ ಹೊರಗೆ ಹಾರಿಹೋದವು. ಬಂಕಿನಲ್ಲಿ ಐದು ಲೀಟರಿನ ಅಳತೆಪಾತ್ರೆಗೆ ಪೆಟ್ರೋಲು ಹಿಡಿದು ನೋಡುವಾಗಲೂ ಅವರ ಮುಖದಲ್ಲಿ ನಗು ಇತ್ತು. ಬಂಕಿನವನು ಆ ನಗುವಿಗೆ ಹೆದರಿ ತಾನಾಗಿಯೇ ಒಂದು ಪಂಪು ನಿಲ್ಲಿಸಿದ.

"ಮುಂದಿನ ತಿಂಗಳು ಇಲಾಖೆಯ ತರಬೇತಿ ದಿನ ಇದೆಯಲ್ಲ," ಎಂದರು ವಾಪಸು ಬರುವಾಗ. "ಅವತ್ತು ನೀವು ಮಾತಾಡಬೇಕು. 'ಬೇಕು ಮತ್ತು ಬೇಡ' ಅಂತ ವಿಷಯ ಇಟ್ಟುಕೊಳ್ಳಿ. ಮೇಲಿನವರೂ ಬರ್ತಾರೆ."

ಅಂದಿನಿಂದ ತಕ್ಕಡಿಯಪ್ಪನವರು ಬೇರೆ ಮನುಷ್ಯರಾದರು. ಅಂಗಡಿಯವರು ಎದ್ದು ನಿಂತು ನಮಸ್ಕಾರ ಮಾಡತೊಡಗಿದರು. ಕಾರಿನ ಚೌಕ ತೂತನ್ನು ನೋಡಲು ಪಕ್ಕದ ಬೀದಿಯಿಂದ ಒಬ್ಬರು ಹೆಂಡತಿ ಸಮೇತ ಬಂದರು. "ರೇಡಿಯೋ ತೆಗೆಸಿ ಬಿಟ್ಟಿದ್ದಾ?" ಎಂದು ಅವರು ಕೇಳಿದ್ದಕ್ಕೆ ತಕ್ಕಡಿಯಪ್ಪನವರು ಹೌದೆಂದೂ ಅನ್ನದೆ ಇಲ್ಲವೆಂದೂ ಅನ್ನದೆ ದೂರದಲ್ಲಿ ಏನನ್ನೋ ನೋಡಿದರು.

ಇಷ್ಟೆಲ್ಲ ಆದರೂ ಎದೆಯಲ್ಲಿದ್ದ ಉಂಡೆ ಕರಗಲಿಲ್ಲ. ಸಂಜೆ ಮನೆಗೆ ಬರುವ ದಾರಿ ಬಿಟ್ಟು, ಹಾಸಿಗೆ ಅಂಗಡಿಯ ಮುಂದಿನಿಂದ ಸುತ್ತಿಕೊಂಡು ಬರುತ್ತಿದ್ದರು. ಆ ಕಾರು ನಿಂತಿರುತ್ತಿತ್ತು. ಅದರ ಮೈಮೇಲೆ ಇಡೀ ಬೀದಿ ಕಾಣುತ್ತಿತ್ತು. ಬೀದಿಯಲ್ಲಿ ತಮ್ಮ ಕಾರೂ, ಅದರೊಳಗೆ ಬೆವರುತ್ತ ಕೂತ ತಾವೂ ಕಾಣುತ್ತಿದ್ದರು.

ಒಂದು ಬೆಳಗ್ಗೆ ಯಾರೂ ಇಲ್ಲವೆಂದು ನೋಡಿಕೊಂಡು, ತಮ್ಮ ಕಾರಿನ ಹಿಂದೆ ನಿಂತು ಮೆಲ್ಲಗೆ ಒಂದು ಕಾಲು ಝಾಡಿಸಿದರು. ಏನೂ ಆಗುವುದಿಲ್ಲವೆಂದು ಗೊತ್ತಿತ್ತು. ಆದರೂ ಇನ್ನೊಂದು ಸಲ ಝಾಡಿಸಿದರು.

"ಯಾವ ಕಾಲು?" ಎಂದು ಬೆನ್ನ ಹಿಂದಿನಿಂದ ಔಷಧಿ ಅಂಗಡಿಯವರು ಕೇಳಿದರು.

"ಏನು?"

"ಹಿಡಿದುಕೊಂಡಿರೋದು."

"ಬಲಗಾಲು," ಎಂದರು ತಕ್ಕಡಿಯಪ್ಪನವರು. ಆಮೇಲೆ ಹೇಗೂ ಸಿಕ್ಕಿದ್ದಾರೆಂದು, "ಹೊಟ್ಟೆ ಉರಿಗೆ ಏನಾದರೂ ಕೊಡ್ತೀರಾ?" ಎಂದು ಕೇಳಿದರು.

"ಊಟಕ್ಕೆ ಮುಂಚೆ ಉರಿಯುತ್ತಾ, ಆಮೇಲಾ?"

"ಭಾನುವಾರ ಜಾಸ್ತಿ."

ಔಷಧಿ ಅಂಗಡಿಯವರು ಕಾಲಿಗೆ ಒಂದು ಮುಲಾಮು, ಹೊಟ್ಟೆಗೆ ಒಂದು ಗುಲಾಬಿ ಬಣ್ಣದ ಔಷಧಿ ಕೊಟ್ಟರು. ಎರಡರಿಂದಲೂ ಏನೂ ಪ್ರಯೋಜನವಾಗಲಿಲ್ಲ.

ಮುಂದಿನ ವಾರ ನಾದಿನಿಯ ಫೋನು ಬಂತು. ಹೋಟೆಲೊಂದಕ್ಕೆ ಹಾಸಿಗೆಯ ಮಾದರಿ ತೋರಿಸಲು ಹೋದ ಷಡ್ಡಕರು ಹೋಟೆಲಿನ ಮುಂದೆಯೇ ಕಾರಿನೊಳಗೆ ಸಿಕ್ಕಿಹಾಕಿಕೊಂಡಿದ್ದರು. ಕಾರು ಇದ್ದಕ್ಕಿದ್ದಂತೆ ಸತ್ತಂತಾಗಿತ್ತು. ಬಾಗಿಲು ತೆರೆಯುತ್ತಿರಲಿಲ್ಲ, ಗಾಜು ಇಳಿಯುತ್ತಿರಲಿಲ್ಲ.

ತಕ್ಕಡಿಯಪ್ಪನವರು ಹದಿನೇಳು ವರ್ಷದಲ್ಲೇ ಮೊದಲ ಸಲ ತಮ್ಮ ಕಾರನ್ನು ನಾಲ್ಕನೇ ಗೇರಿನಲ್ಲಿ ಓಡಿಸಿಕೊಂಡು ಹೋದರು. ಕಳವಳದಿಂದ ಅಲ್ಲ. ತಾವು ಹೋಗುವುದರೊಳಗೆ ಬಾಗಿಲು ತೆರೆದುಬಿಟ್ಟರೆ ಎಂಬ ಭಯದಿಂದ.

ತೆರೆದಿರಲಿಲ್ಲ. ಗಾಜಿನ ಹಿಂದೆ ಷಡ್ಡಕರು ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದರು. ಸುತ್ತ ಐವತ್ತು ಜನ ನಿಂತಿದ್ದರು. ಷಡ್ಡಕರ ಕೈಸನ್ನೆಗೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಿದ್ದರು. "ನೀರು ಕೇಳ್ತಿದ್ದಾರೆ." "ಇಲ್ಲ, ಪೊಲೀಸರನ್ನ ಕರೀರಿ ಅಂತಿದ್ದಾರೆ." "ಹೆಂಡತಿಗೆ ಟಾಟಾ ಮಾಡ್ತಿದ್ದಾರೆ." ಮೆಕ್ಯಾನಿಕ್ಕೊಬ್ಬ ಬಂದು ಬಾನೆಟ್ಟನ್ನು ಮೇಲಿನಿಂದ ತಟ್ಟಿ ನೋಡಿ, "ಇದಕ್ಕೆ ಸ್ಪ್ಯಾನರ್ ಆಗೋದಿಲ್ಲ, ಕಂಪ್ಯೂಟರ್ ಬೇಕು," ಎಂದು ಕೈ ಒರೆಸಿಕೊಂಡ. ನಾದಿನಿ ಕಂಪನಿಗೆ ಫೋನು ಮಾಡಿದಳು. ಅತ್ತ ಕಡೆಯ ಹುಡುಗಿ ಬಹಳ ವಿನಯದಿಂದ, ಸೀಟಿನ ಪಕ್ಕ ಕೆಳಗೆ ಒಂದು ಚಿಕ್ಕ ಹಿಡಿ ಇದೆ, ಎಳೆದರೆ ಬಾಗಿಲು ತೆರೆಯುತ್ತದೆ, ಪುಸ್ತಕದ ಮುನ್ನೂರ ಹನ್ನೆರಡನೇ ಪುಟದಲ್ಲಿ ಚಿತ್ರವಿದೆ ಎಂದಳು. ಪುಸ್ತಕ ಎಲ್ಲಿದೆ? ಕಾರಿನ ಮುಂದಿನ ಡ್ರಾಯರಿನಲ್ಲಿ. ಡ್ರಾಯರು ಹೇಗೆ ತೆರೆಯುತ್ತದೆ? ಎಂಜಿನ್ ಚಾಲೂ ಇದ್ದರೆ.

ಕೊನೆಗೆ ನಾದಿನಿಯೇ ರಸ್ತೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಎಲ್ಲಿ ಎಳೆಯಬೇಕೆಂದು ಅಭಿನಯಿಸಿ ತೋರಿಸಿದಳು. ಬಾಗಿಲು ತೆರೆಯಿತು. ಷಡ್ಡಕರು ಒಗೆದು ಹಿಂಡದೆ ಬಿಟ್ಟ ಬಟ್ಟೆಯಂತೆ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ನೇರ ಹೋಗಿ ತಕ್ಕಡಿಯಪ್ಪನವರ ಕಾರಿನಲ್ಲಿ ಕೂತರು. ಹಿಡಿ ತಿರುಗಿಸಿ ಗಾಜು ಇಳಿಸಿದರು. ಕಾರು ಹೊರಟಾಗ ಗಾಳಿ ಮುಖಕ್ಕೆ ಬಡಿಯಿತು. ಅವರ ಕಣ್ಣಲ್ಲಿ ನೀರು ಬಂತು.

"ಭಾವ," ಎಂದರು. "ನೀವು ಅವತ್ತು ಹೇಳಿದ್ದು ಈಗ ಅರ್ಥ ಆಯ್ತು."

ತಕ್ಕಡಿಯಪ್ಪನವರ ಎದೆಯ ಉಂಡೆ ಅಂದು ಮಧ್ಯಾಹ್ನ ಕರಗಿತು. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡರು. ಆ ಸುಖ ಸರಿಯಾಗಿ ಹನ್ನೊಂದು ದಿನ ಇತ್ತು.

ಹನ್ನೆರಡನೇ ದಿನ ಷಡ್ಡಕರು ಮತ್ತೆ ಬೀದಿಗೆ ಬಂದರು. ಈ ಸಲ ಸದ್ದು ಮೂರು ಬೀದಿ ಆಚೆಯಿಂದಲೇ ಕೇಳಿಸಿತು. ಬಂದು ನಿಂತದ್ದು ಮೂವತ್ತೊಂದು ವರ್ಷದ ಒಂದು ಕಾರು. ಎಡಗಡೆ ಕನ್ನಡಿಯೇ ಇರಲಿಲ್ಲ. ಒಳಗೆ ಫ್ಯಾನಿರಲಿಲ್ಲ. ಮುಂದಿನ ಗಾಜಿಗೆ ಎರಡರ ಬದಲು ಒಂದೇ ವೈಪರು. ಬಾಗಿಲಿಗೆ ಬೀಗವಿಲ್ಲ, ಬಚ್ಚಲುಮನೆಗೆ ಹಾಕುವಂಥ ಒಂದು ಚಿಲಕ.

"ನಿಮ್ಮ ದಾರಿಯಲ್ಲೇ ನಾಲ್ಕು ಹೆಜ್ಜೆ ಮುಂದೆ ಬಂದೆ ಭಾವ," ಎಂದರು ಷಡ್ಡಕರು, ವಿನಯವಾಗಿ.

ಬೀದಿಯವರು ಸುತ್ತುವರಿದರು. ಔಷಧಿ ಅಂಗಡಿಯವರು ಚಿಲಕವನ್ನು ಹಾಕಿ ತೆಗೆದು ಹಾಕಿ ತೆಗೆದು, "ಇದಪ್ಪಾ ಸರಳತೆ," ಎಂದರು. ಆಮೇಲೆ ತಕ್ಕಡಿಯಪ್ಪನವರ ಕಾರಿನತ್ತ ತಿರುಗಿ, ಮೊದಲ ಸಲ ನೋಡುತ್ತಿರುವವರಂತೆ, "ನಿಮ್ಮದರಲ್ಲಿ ಫ್ಯಾನಿದೆ ಅಲ್ವಾ?" ಎಂದರು.

"ಅದು ತಿರುಗೋದಿಲ್ಲ," ಎಂದರು ತಕ್ಕಡಿಯಪ್ಪನವರು.

"ಆದರೂ ಇದೆಯಲ್ಲ."

ಮೂರೇ ದಿನದಲ್ಲಿ ಸುದ್ದಿ ಮೇಡಂಗೆ ಮುಟ್ಟಿತು. ತರಬೇತಿ ದಿನ ಮಾತಾಡಲು ಷಡ್ಡಕರನ್ನು ಕರೆದಿರುವುದಾಗಿಯೂ, ತಕ್ಕಡಿಯಪ್ಪನವರು ವಂದನಾರ್ಪಣೆ ಮಾಡಿದರೆ ಸಾಕೆಂದೂ ಚೀಟಿ ಬಂತು. "ಅವರು ಎಲ್ಲ ಇದ್ದು ಬಿಟ್ಟವರು," ಎಂದರಂತೆ ಮೇಡಂ.

ತಕ್ಕಡಿಯಪ್ಪನವರು ಆ ಸಂಜೆಯೇ ಮೆಕ್ಯಾನಿಕ್ಕನ ಶೆಡ್ಡಿಗೆ ಕಾರು ಒಯ್ದರು.

"ಏನು ತೊಂದರೆ ಸಾರ್?"

"ಫ್ಯಾನು ತೆಗೀಬೇಕು. ಎಡಗಡೆ ಕನ್ನಡಿ ತೆಗೀಬೇಕು."

"ಕನ್ನಡಿ ಕೆಟ್ಟಿಲ್ಲವಲ್ಲ ಸಾರ್."

"ಕೆಟ್ಟಿದ್ದರೆ ರಿಪೇರಿ ಮಾಡಿಸ್ತಿದ್ದೆ. ತೆಗಿ. ವೈಪರು ಎರಡೂ ತೆಗಿ."

"ಒಂದಾದರೂ ಇರಲಿ ಸಾರ್."

"ಒಂದು ಇರೋರು ಬೇರೆ ಇದ್ದಾರೆ."

ಮೆಕ್ಯಾನಿಕ್ಕು ತೆಗೆದದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿದ. ಆಮೇಲೆ ಗಾಡಿಯನ್ನು ಒಂದು ಸುತ್ತು ಬಂದು ನೋಡಿ, "ಬ್ರೇಕು ಇರಲಾ ಸಾರ್?" ಎಂದು ಕೇಳಿದ. ತಕ್ಕಡಿಯಪ್ಪನವರು ಉತ್ತರ ಕೊಡುವ ಮುಂಚೆ ಸ್ವಲ್ಪ ಯೋಚಿಸಿದ್ದು ಅವನಿಗೆ ಹಿಡಿಸಲಿಲ್ಲ.

ಹೀಗೆ ಕಾರು ದಿನದಿನಕ್ಕೆ ಸೊರಗುತ್ತಿರುವಾಗ ತಕ್ಕಡಿಯಪ್ಪನವರಿಗೆ ಒಂದು ಆಲೋಚನೆ ಹೊಳೆಯಿತು. ಷಡ್ಡಕರು ಆ ದೊಡ್ಡ ಕಾರನ್ನು ಏನು ಮಾಡುತ್ತಾರೆ? ಮನೆಯೊಳಗೇ ಒಬ್ಬರಿಗೆ ಕೊಡುವುದಾದರೆ ಯಾರಿಗೆ ಕೊಡಬೇಕು? ಅವರು ಕೇಳಿದಾಗ ಹೇಗೆ ನಡೆದುಕೊಳ್ಳಬೇಕೆಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. ಮೊದಲ ಸಲ, "ಛೆ, ನನಗ್ಯಾಕೆ." ಎರಡನೇ ಸಲ, "ಬೇಡ ಅಂದೆನಲ್ಲ." ಮೂರನೇ ಸಲ ನಿಟ್ಟುಸಿರು ಬಿಟ್ಟು, "ನಿಮ್ಮ ಮನಸ್ಸಿಗೆ ನೋವಾಗೋದಾದರೆ ಇಲ್ಲೇ ನಿಲ್ಲಿಸಿ ಹೋಗಿ."

ಅಭ್ಯಾಸ ಮುಗಿಸಿಕೊಂಡು ಹಾಸಿಗೆ ಅಂಗಡಿಗೆ ಹೋದರು. ಷಡ್ಡಕರು ಹತ್ತಿಯ ಹಾಸಿಗೆಯೊಂದರ ಮೇಲೆ ಕೂರಿಸಿ ಕಾಫಿ ಕೊಟ್ಟರು. ತಕ್ಕಡಿಯಪ್ಪನವರು ಹವಾಮಾನದಿಂದ ಹಿಡಿದು ಸುತ್ತಿ ಬಳಸಿ ಕಾರಿನ ಮಾತಿಗೆ ಬಂದರು.

"ಅದನ್ನೇನು ಮಾಡ್ತೀರಿ ಈಗ?"

"ಕೊಟ್ಟುಬಿಟ್ಟೆ ಭಾವ. ಮೊದಲು ಇವಳು, ಭಾವನಿಗೆ ಕೇಳೋಣ ಅಂದಳು. ನಾನು ಸರಿಯಾಗಿ ಬೈದೆ. ಅಂಥ ಮನುಷ್ಯರ ಹತ್ತಿರ ಹೋಗಿ ಇದನ್ನ ತಗೊಳ್ಳಿ ಅನ್ನೋದಾ, ಮುಖಕ್ಕೆ ಹೊಡೆದ ಹಾಗಲ್ವಾ ಅಂದೆ."

ತಕ್ಕಡಿಯಪ್ಪನವರ ಕೈಯಲ್ಲಿದ್ದ ಕಾಫಿ ಲೋಟ ವಾಲಿ ಹೊಸ ಹಾಸಿಗೆಯ ಮೇಲೆ ಚೆಲ್ಲಿತು. "ಯಾರಿಗೆ ಕೊಟ್ಟಿರಿ?"

"ಅಕ್ಕನಿಗೆ. ನಿಮಗೆ ಹೇಳಿಲ್ವಾ?"

ಮನೆಗೆ ಬಂದರೆ, ಹೆಂಡತಿ ಆಗಲೇ ಕಾರನ್ನು ಬಾಗಿಲ ಮುಂದೆ ತಂದು ನಿಲ್ಲಿಸಿ, ಅಡುಗೆಮನೆಯಲ್ಲಿ ನಿಂತು ಪುಸ್ತಕದ ಮುನ್ನೂರ ಹನ್ನೆರಡನೇ ಪುಟ ಓದುತ್ತಿದ್ದರು.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?" ಎಂದರು ತಕ್ಕಡಿಯಪ್ಪನವರು.

"ಕೇಳಿದರೆ ನೀವು ಬೇಡ ಅಂತಿದ್ರಿ," ಎಂದರು ಹೆಂಡತಿ. "ತತ್ತ್ವ ಇರೋರಿಗೆ ಬೇಡ ಅನ್ನೋಕೆ ಕಷ್ಟ ಕೊಡಬಾರದು ಅಂತ ಸುಮ್ಮನಿದ್ದೆ. ನನ್ನ ಸಂಬಳದಲ್ಲಿ ತಗೊಂಡಿದ್ದೀನಿ. ನೀವು ನಿಮ್ಮ ಪಾಡಿಗೆ ನಿಮ್ಮದರಲ್ಲಿ ಓಡಾಡಿ. ನೀವು ಇದರಲ್ಲಿ ಕೂರಬೇಕಾಗಿಲ್ಲ, ಹೆದರಬೇಡಿ."

ಆಮೇಲಿನ ಎರಡು ವಾರ ತಕ್ಕಡಿಯಪ್ಪನವರು ಯಾರ ಮೇಲೂ ಪಡದಷ್ಟು ಹೊಟ್ಟೆಕಿಚ್ಚನ್ನು ಕಟ್ಟಿಕೊಂಡ ಹೆಂಡತಿಯ ಮೇಲೆ ಪಟ್ಟರು. ಬೆಳಗ್ಗೆ ಆಕೆ ಮನೆಯಿಂದ ಹೊರಗೆ ಬಂದರೆ ಕನ್ನಡಿಗಳು ಬಿಚ್ಚಿಕೊಳ್ಳುತ್ತಿದ್ದವು. ತಾವು ಹೋದರೆ ಇಲ್ಲ. ಎದುರು ಹೋಗಿ ನಿಂತು ನೋಡಿದರು, ಕೆಮ್ಮಿ ನೋಡಿದರು. ಕಾರಿಗೆ ಅವರ ಪರಿಚಯವೇ ಇರಲಿಲ್ಲ.

ತರಬೇತಿ ದಿನ ಬಂತು. ಜೊತೆಗೆ, ಯಾರೂ ಎಣಿಸದ ಹಾಗೆ, ಬೆಳಗಿನ ಜಾವದಿಂದಲೇ ಧಾರಾಕಾರ ಮಳೆಯೂ ಬಂತು. ತಕ್ಕಡಿಯಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನಲ್ಲಿ ಕೂತರು. ಮುಂದಿನ ಗಾಜಿನಾಚೆ ಲೋಕವೇ ಇರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೈಯಿಂದ ಗಾಜು ಒರೆಸುತ್ತ ಹತ್ತು ಮಾರು ಹೋಗಿ ಔಷಧಿ ಅಂಗಡಿಯವರ ಹೂವಿನ ಕುಂಡವೊಂದನ್ನು ಒಡೆದು ನಿಂತರು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಆಸ್ಪತ್ರೆಗೆ ಹೋಗೋ ದಾರಿಯಲ್ಲೇ ನಿಮ್ಮ ಆಫೀಸು," ಎಂದರು.

"ಯಾರಾದರೂ ನೋಡಿದರೆ?"

"ಹಿಂದಿನ ಸೀಟಿನಲ್ಲಿ ಮಲಕ್ಕೊಳ್ಳಿ."

ತಕ್ಕಡಿಯಪ್ಪನವರು ಮಲಗಿದರು. ಮಲಗಿ ಒಂದು ನಿಮಿಷದಲ್ಲಿ ಬೆನ್ನಿಗೆ ಹದವಾದ ಬಿಸಿ ಏರಿತು. ಮಳೆ ಎಲ್ಲೋ ಬೇರೆ ಊರಿನಲ್ಲಿ ಬೀಳುತ್ತಿರುವ ಹಾಗೆ ಕೇಳಿಸಿತು. ಆಫೀಸು ಇನ್ನೂ ನಾಲ್ಕು ಊರಿನಾಚೆ ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡರು.

ಆಫೀಸಿನ ಗೇಟಿನಲ್ಲಿ ಕಾರು ನಿಂತಿತು. ಛತ್ರಿ ಹಿಡಿದು ಅಲ್ಲೇ ನಿಂತಿದ್ದ ಮೇಡಂ ಕಿಟಕಿಯ ಹತ್ತಿರ ಬಗ್ಗಿದರು. ಅವರ ಸೀರೆ ಮೊಣಕಾಲಿನವರೆಗೆ ನೆನೆದಿತ್ತು.

"ನಿಮ್ಮ ಯಜಮಾನರೆಲ್ಲಿ?"

"ಬರ್ತಾರೆ," ಎಂದರು ಹೆಂಡತಿ, ರಿಪೋರ್ಟಿನ ದನಿಯಲ್ಲಿ.

ಆಗ ಕಾರು ಮಾತಾಡಿತು. ಷಡ್ಡಕರು ಅದಕ್ಕೆ ಕನ್ನಡದಲ್ಲಿ ಮಾತಾಡುವ ಏರ್ಪಾಡು ಮಾಡಿಸಿದ್ದರು. "ಹಿಂದಿನ ಸೀಟಿನಲ್ಲಿ ಇರುವವರು ದಯವಿಟ್ಟು ಬೆಲ್ಟ್ ಹಾಕಿಕೊಳ್ಳಿ," ಎಂದಿತು ಸ್ಪಷ್ಟವಾಗಿ. ಯಾರೂ ಅಲುಗಾಡದ್ದನ್ನು ಕಂಡು ಇನ್ನೊಂದು ಸಲ ಹೇಳಿತು.

ಮೇಡಂ ಹಿಂದಿನ ಕಿಟಕಿಗೆ ಮುಖ ತಂದರು. ತಕ್ಕಡಿಯಪ್ಪನವರು ಎದ್ದು ಕೂತು ಬೆಲ್ಟು ಹಾಕಿಕೊಂಡರು.

"ತಪ್ಪಾಯ್ತು ಮೇಡಂ," ಎಂದರು.

ಮೇಡಂ ಛತ್ರಿ ಮಡಚಿ, ಬಾಗಿಲು ತೆಗೆದು, "ಆ ಕಡೆ ಸರೀರಿ," ಎಂದು ಪಕ್ಕದಲ್ಲಿ ಬಂದು ಕೂತರು. ಸೀಟಿಗೆ ಒರಗಿ ಕಣ್ಣು ಮುಚ್ಚಿದರು.

"ನನ್ನದು ಸರ್ವೀಸಿಗೆ ಹೋಗಿದೆ. ನಿಮ್ಮ ಷಡ್ಡಕರ ಗಾಡಿಯಲ್ಲಿ ಬಂದೆ," ಎಂದರು. "ದಾರಿಯುದ್ದಕ್ಕೂ ನನ್ನ ಕಡೆ ಬಾಗಿಲನ್ನ ನಾನೇ ಹಿಡ್ಕೊಂಡಿದ್ದೆ. ಸಭೆಗೆ ಇನ್ನೂ ಹತ್ತು ನಿಮಿಷ ಇದೆ ಅಲ್ವಾ? ಆ ಬಿಸಿ ಇನ್ನೊಂಚೂರು ಜಾಸ್ತಿ ಆಗುತ್ತಾ?"

"ಆಗುತ್ತೆ," ಎಂದರು ಹೆಂಡತಿ, ಗುಂಡಿ ಒತ್ತುತ್ತ.

ಅಷ್ಟರಲ್ಲಿ ಷಡ್ಡಕರು ತಮ್ಮ ಗಾಡಿ ನಿಲ್ಲಿಸಿ ಓಡುತ್ತ ಬಂದರು. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿತ್ತು. ಕೈಯಲ್ಲಿದ್ದ ಭಾಷಣದ ಹಾಳೆಗಳು ಮುದ್ದೆಯಾಗಿದ್ದವು. ತಮ್ಮ ಹಳೆಯ ಕಾರನ್ನು ಕಂಡು ಗಕ್ಕನೆ ನಿಂತರು. ತಕ್ಕಡಿಯಪ್ಪನವರು ಗಾಜು ಇಳಿಸಿದರು. ಬೆರಳ ತುದಿ ಇಟ್ಟದ್ದೇ ತಡ, ಅದು ಬೆಣ್ಣೆಯಂತೆ ಇಳಿಯಿತು.

"ಏನು ಭಾವ, ಇದರಲ್ಲಿ?"

"ಮಳೆ ಅಂತ."

ಷಡ್ಡಕರು ಒಳಗೆ ಬಗ್ಗಿ ನೋಡಿದರು. ಮೇಡಂ ಕಣ್ಣು ಮುಚ್ಚಿಕೊಂಡೇ ಇದ್ದರು. ಒಳಗಿನ ಬೆಚ್ಚನೆಯ ಗಾಳಿ ಷಡ್ಡಕರ ಮುಖಕ್ಕೆ ಸೋಕಿತು.

"ಹೇಗಿದೆ?" ಎಂದು ಕೇಳಿದರು, ಬಹಳ ಸಣ್ಣ ದನಿಯಲ್ಲಿ.

ಆ ಭಾನುವಾರದಿಂದ ಇಲ್ಲಿಯವರೆಗೆ ಕಾರಿನ ಬಗ್ಗೆ ಯಾರು ಏನು ಕೇಳಿದರೂ ತಕ್ಕಡಿಯಪ್ಪನವರು ನಿಜ ಹೇಳಿರಲಿಲ್ಲ. ಈಗ ಹೇಳಿದರು.

"ಸ್ವರ್ಗ."

ಷಡ್ಡಕರ ಮುಖ ಮೆಲ್ಲಗೆ ಬದಲಾಯಿತು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲೆ ಹೋಗಿ ನಿಂತಿತು. ಅದು ಯಾವ ಬೇನೆಯೆಂದು ತಕ್ಕಡಿಯಪ್ಪನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕ್ಷಣ ಅವರಿಗೆ ನಿಜವಾಗಿಯೂ ಅಯ್ಯೋ ಪಾಪ ಅನ್ನಿಸಿತು.

"ರೀ, ಗಾಜು ಏರಿಸಿ," ಎಂದರು ಹೆಂಡತಿ. "ಸೀಟು ನೆನೀತಿದೆ."

ತಕ್ಕಡಿಯಪ್ಪನವರು ಗುಂಡಿ ಒತ್ತಿದರು. ಬೇಗನೆ ಏರಿಹೋಗಬಾರದೆಂದು ನಡುನಡುವೆ ಬಿಟ್ಟು ಬಿಟ್ಟು, ನಿಧಾನವಾಗಿ ಒತ್ತಿದರು.